ಸೀರೀಸ್ ದೀಪ

ಗಾಜಿನ ವಾಲ್ವುಗಳುಳ್ಳ ಹಳೆಯ ಆಂಪ್ಲಿಫಯರು ದುರಸ್ತಿಗೆ ಬಂದಾಗ ಅನುಭವಸ್ಥನಾದ ರಿಪೇರಿಗಾರನು ಅದನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸುವುದಿಲ್ಲ. ಒಂದು ಹಲಗೆ, ಒಂದು ಹೋಲ್ಡರು, ಒಂದು ಸಾಕೆಟ್ಟು, 100 ವ್ಯಾಟಿನ ಒಂದು ಬಲ್ಬು, ಇಷ್ಟರಿಂದ ತಾನೇ ಕಟ್ಟಿಕೊಂಡ ಸೀರೀಸ್ ದೀಪವನ್ನು ನಡುವೆ ಇರಿಸುತ್ತಾನೆ. ಯಂತ್ರವು ನೆಟ್ಟಗಿದ್ದರೆ ಬಲ್ಬು ಕ್ಷಣಕಾಲ ಬೆಳಗಿ ಮಂಕಾಗುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರೋ ಕಂಡೆನ್ಸರೋ ಷಾರ್ಟಾಗಿದ್ದರೆ ಪ್ರಖರವಾಗಿ ಉರಿಯುತ್ತಲೇ ಇರುತ್ತದೆ. ಆಗ ಹರಿಯುವ ವಿದ್ಯುತ್ತು ಅರ್ಧ ಆಂಪಿಯರಿಗೂ ಕಡಿಮೆ. ಮಿಕ್ಕ ಭಾಗಗಳು ಸುಡದೆ ಉಳಿಯುತ್ತವೆ. ಟಂಗ್‌ಸ್ಟನ್ ತಂತಿಯು ಕಾದು ಬೆಳ್ಳಗಾದಾಗ ಅದರ ತಡೆಯು ತಣ್ಣಗಿದ್ದಾಗಿನ ಹತ್ತು ಪಟ್ಟನ್ನೂ ಮೀರುವುದೇ ಇದರ ಗುಟ್ಟು. ಅಮೆರಿಕದ ವಿಲಿಯಂ ಹ್ಯೂಲೆಟ್ 1930ರ ದಶಕದ ಕೊನೆಯಲ್ಲಿ ಪರೀಕ್ಷಾಸ್ವರ ಹೊರಡಿಸುವ ಆಸಿಲೇಟರನ್ನು ಹದದಲ್ಲಿರಿಸಿದ್ದೂ ಇದೇ ಗುಣದ ಪುಟ್ಟ ಬಲ್ಬೊಂದರಿಂದಲೇ! ಈಗಿನ ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು.

ಆದರೆ ಸೀರೀಸ್ ದೀಪವು ಮನುಷ್ಯನನ್ನು ಕಾಯದು. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ 300, 400 ವೋಲ್ಟು ಅಡಗಿ ಕುಳಿತಿರಬಹುದು. ಅದು ಪ್ರಾಣವನ್ನೇ ತೆಗೆಯಬಲ್ಲದು. ಅದಕ್ಕಾಗಿ ತಿಳಿದವನು ಪ್ಲಾಸ್ಟಿಕ್ ಹಿಡಿಯ ಕಡ್ಡಿಗೆ ದಪ್ಪ ರೆಸಿಸ್ಟರೊಂದನ್ನು ಬೆಸೆದು ಇಟ್ಟುಕೊಂಡಿರುತ್ತಾನೆ. ಅದನ್ನು ತಾಗಿಸಿ, ಕಾದು, ಮೀಟರಿನ ಮುಳ್ಳು ಸೊನ್ನೆಗೆ ಬಂದುದನ್ನು ಕಂಡ ಮೇಲೆಯೇ, ಅದೂ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಒಳಗೆ ಕೈಹಾಕುತ್ತಾನೆ.