ಅಜ್ಜನ ಬಿಳಿ ಕೂದಲು

ನಮ್ಮ ಅತ್ತೆಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಹಣೆಯ ಮೇಲಿನ ಒಂದು ಹಿಡಿ ಕೂದಲು ಚಿಕ್ಕಂದಿನಿಂದಲೂ ಬಿಳಿ. ಒಂದು ಕಣ್ಣು ಕಂದು, ಇನ್ನೊಂದು ತಿಳಿನೀಲಿ. ಅಜ್ಜಿ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದಕ್ಕೆ ಹೀಗಾಯಿತೆನ್ನುವುದು ಮನೆಯವರ ತೀರ್ಮಾನ. ಅಜ್ಜಿಯೂ ಅದನ್ನು ನಂಬಿದ್ದಳು. ಸಾಯುವವರೆಗೂ ಬದನೆಕಾಯಿ ಮುಟ್ಟಲಿಲ್ಲ.

ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ಲೈಬ್ರರಿಯಲ್ಲಿ ಓದುತ್ತಿದ್ದಾಗ ಒಂದು ಫೋಟೋ ಕಂಡು ಹಾಗೇ ಕುಳಿತುಬಿಟ್ಟೆ. ಯಾವುದೋ ದೇಶದ ಹೆಂಗಸು, ಹಣೆಯ ಮೇಲೆ ಮಾತ್ರ ನಮ್ಮ ಅತ್ತೆಯದೇ ಬಿಳಿ ಕೂದಲು. ಕೆಳಗೆ ವಾರ್ಡನ್‌ಬರ್ಗ್ ಸಿಂಡ್ರೋಮ್ ಎಂದಿತ್ತು. ಆ ಹೆಸರಿನ ಡಚ್ ಕಣ್ಣಿನ ವೈದ್ಯರು 1951ರಲ್ಲಿ ಇದನ್ನು ವಿವರಿಸಿದರು. ಅದರ ಒಂದು ಬಗೆಗೆ ಪ್ಯಾಕ್ಸ್3 ಜೀನಿನ ದೋಷ ಕಾರಣವೆಂದು ತಿಳಿದದ್ದು 1992ರಲ್ಲಿ.

ಮನುಷ್ಯರಲ್ಲಿ ಪ್ಯಾಕ್ಸ್ ಕುಟುಂಬದ ಜೀನುಗಳು ಒಂಬತ್ತು. ಇವು ಕೊಡುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಮದುವೆಮನೆಯ ಹಿರಿಯ ಅಡುಗೆ ಭಟ್ಟರ ಹಾಗೆ. ತಾವು ಸೌಟು ಹಿಡಿಯುವುದಿಲ್ಲ, ಯಾವ ಒಲೆ ಯಾವಾಗ ಹಚ್ಚಬೇಕೆಂದು ಹೇಳುತ್ತಾರೆ. ಡಿಎನ್‌ಎ ಮೇಲೆ ಕುಳಿತು ಇತರ ಜೀನುಗಳನ್ನು ಎಬ್ಬಿಸುವುದು, ಮಲಗಿಸುವುದು ಇವುಗಳ ಕೆಲಸ. ಪ್ಯಾಕ್ಸ್6 ಕೆಟ್ಟರೆ ಕಣ್ಣಿನ ಬಣ್ಣದ ಪಾಪೆಯೇ ಬೆಳೆಯದಿರಬಹುದು, ಪ್ಯಾಕ್ಸ್9 ಕೆಟ್ಟರೆ ದವಡೆ ಹಲ್ಲುಗಳು ಹುಟ್ಟದಿರಬಹುದು. ಪ್ಯಾಕ್ಸ್3 ಇನ್ನೊಂದು ಜೀನಿನ ಜೊತೆ ತಪ್ಪಾಗಿ ಬೆಸೆದುಕೊಂಡರೆ ಮಕ್ಕಳಲ್ಲಿ ಒಂದು ಬಗೆಯ ಸ್ನಾಯು ಕ್ಯಾನ್ಸರ್.

ಲ್ಯಾಬಿನಲ್ಲಿ ನಾನು ನೋಡುವುದು ಜೀಬ್ರಾ ಮೀನಿನ ಭ್ರೂಣಗಳನ್ನು. ಗಾಜಿನಂಥ ಮೈ. ಒಂದು ದಿನ ಕಳೆಯುವಷ್ಟರಲ್ಲಿ ಬೆನ್ನಿನ ಕಡೆಯಿಂದ ಹೊರಟ ಕೋಶಗಳಲ್ಲಿ ಕಪ್ಪು ಬಣ್ಣ ಕಾಣಿಸತೊಡಗುತ್ತದೆ. ನಮ್ಮಲ್ಲೂ ಬಣ್ಣದ ಕೋಶಗಳು ಹೀಗೇ ಹೊರಟು ಚರ್ಮಕ್ಕೆ, ಕೂದಲಿಗೆ, ಒಳಗಿವಿಗೆ ಹೋಗುತ್ತವೆ. ಹೌದು, ಕಿವಿಗೂ, ಅಲ್ಲಿ ಅವಿಲ್ಲದಿದ್ದರೆ ಕೇಳಿಸುವುದಿಲ್ಲ. ಎರಡು ಪ್ರತಿಗಳಲ್ಲಿ ಒಂದು ಪ್ಯಾಕ್ಸ್3 ಕೆಟ್ಟರೂ ಕೆಲವು ಕೋಶಗಳು ಊರು ಮುಟ್ಟುವುದಿಲ್ಲ.

ಇದೇ ಕಾಯಿಲೆಯ ಲಕ್ಷಣಗಳಲ್ಲಿ ಇನ್ನೊಂದಿತ್ತು: ಮೂವತ್ತರೊಳಗೇ ತಲೆ ನರೆಯುವುದು. ಅಜ್ಜನ ಮದುವೆಯ ಫೋಟೋ ನೆನಪಾಯಿತು. ಇಪ್ಪತ್ತಾರರ ಮದುಮಗ, ಅರ್ಧ ತಲೆ ಬೆಳ್ಳಗೆ. ಅದನ್ನು ಎಲ್ಲರೂ ಹೊಲದ ದುಡಿಮೆಯ ಲೆಕ್ಕಕ್ಕೆ ಹಾಕಿದ್ದರು. ನಾನು ವೈದ್ಯಳಲ್ಲ, ಮನೆಯಲ್ಲಿ ಯಾರ ಪರೀಕ್ಷೆಯೂ ಆಗಿಲ್ಲ, ಇದು ನನ್ನ ಊಹೆ. ಆದರೂ ಆ ರಾತ್ರಿ ಅಜ್ಜಿಗಾಗಿ ಅತ್ತೆ.

ಕಳೆದ ತಿಂಗಳು ಅತ್ತೆಯ ಮಗಳು ಫೋನ್ ಮಾಡಿದ್ದಳು. ಅವಳಿಗೂ ಬಿಳಿ ಕೂದಲಿದೆ, ಬಣ್ಣ ಹಚ್ಚುತ್ತಾಳೆ; ಕಿವಿ ಚೆನ್ನಾಗಿದೆ. ಈಗ ಏಳು ತಿಂಗಳು.

"ಅಕ್ಕಾ, ಗ್ರಹಣದ ದಿನ ಮೈಮರೆತು ಹೊರಗೆ ಹೋಗಿದ್ದೆ. ಅವರಮ್ಮ ಅಳ್ತಾ ಕೂತಿದಾರೆ."

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಆದರೆ ನನ್ನ ಊಹೆ ಸರಿಯಿದ್ದರೆ ಮಗುವಿಗೆ ಆ ಜೀನ್ ಹೋಗುವ ಸಾಧ್ಯತೆ ಅರ್ಧಕ್ಕರ್ಧ, ಹೋದರೂ ಎಲ್ಲರಿಗೂ ಕಿವುಡು ಬರುವುದಿಲ್ಲ ಎಂದೂ ಹೇಳಬೇಕಾಯಿತು. ಗ್ರಹಣವಾದರೆ ತಪ್ಪಿಸಿಕೊಳ್ಳಬಹುದಿತ್ತು. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಜೆನೆಟಿಕ್ ಕೌನ್ಸೆಲರ್ ಹತ್ತಿರ ಈ ಶನಿವಾರ ಹೋಗುತ್ತಿದ್ದೇವೆ. ಹೆರಿಗೆಯಾದ ಮೊದಲ ತಿಂಗಳಲ್ಲೇ ಮಗುವಿನ ಕಿವಿ ಪರೀಕ್ಷೆ ಮಾಡಿಸುವುದೆಂದು ಮಾತಾಗಿದೆ. ಅಜ್ಜನ ಫೋಟೋ ತರಲು ಊರಿಗೆ ಹೋಗಿದ್ದೆ. ನಮ್ಮ ಮನೆಯ ಕೈಸನ್ನೆಗಳಲ್ಲಿ ಜೀನ್‌ಗೆ ಪದವಿಲ್ಲ. ಫೋಟೋದಲ್ಲಿ ಅಜ್ಜನ ತಲೆ ತೋರಿಸಿ, ಆಮೇಲೆ ಅತ್ತೆಯ ಹಣೆ ಮುಟ್ಟಿದೆ. ಅತ್ತೆ ಒಂದು ಕ್ಷಣ ನೋಡಿ, ಗೋಡೆಯ ಮೇಲಿದ್ದ ಅಜ್ಜಿಯ ಪಟದ ಕಡೆ ಕೈ ತೋರಿಸಿ, ಬದನೆಕಾಯಿ ಹೆಚ್ಚುವ ಸನ್ನೆ ಮಾಡಿದಳು. ನಾನು ಅಲ್ಲವೆಂದು ತಲೆಯಾಡಿಸಿದೆ. ಅವಳು ಮತ್ತೆ ಅದೇ ಸನ್ನೆ ಮಾಡಿದಳು.