ಹಿತ್ತಲಿನ ಸಿಗರೇಟು

ಕಳೆದ ವರ್ಷ ನಮ್ಮವರಿಗೆ ಹೃದಯದ ಬೈಪಾಸ್ ಆಪರೇಷನ್ ಆಯಿತು. ಆಪರೇಷನ್ ಅಂದ ಕೂಡಲೆ ನಾವೆಲ್ಲ "ಸರ್ಜನ್ ಯಾರು?" ಅಂತ ಕೇಳುತ್ತೇವೆ. ನಾನೂ ಅಷ್ಟೇ ಕೇಳಿದ್ದೆ. ಹಿಂದಿನ ದಿನ ಸಂಜೆ ಇನ್ನೊಬ್ಬ ಡಾಕ್ಟರಮ್ಮ ವಾರ್ಡಿಗೆ ಬಂದು, "ನಾನು ಅರಿವಳಿಕೆ ಕೊಡೋ ಡಾಕ್ಟರು" ಎಂದು ಮಂಚದ ಪಕ್ಕ ಕುಳಿತರು.

"ಯಾವ ಹಲ್ಲಾದರೂ ಅಲ್ಲಾಡತ್ತಾ? ಯಾವ್ಯಾವ ಮಾತ್ರೆ ತಗೋತೀರಿ? ಸಿಗರೇಟು?"

"ಬಿಟ್ಟು ಮೂರು ತಿಂಗಳಾಯ್ತು" ಅಂದರು ಇವರು.

ನನ್ನ ಎದೆ ಧಸಕ್ಕೆಂದಿತು. ಎರಡು ದಿನದ ಹಿಂದೆ ತಾನೇ ಹಿತ್ತಲಿನ ಒಗೆಯುವ ಕಲ್ಲಿನ ಹಿಂದೆ ಸಿಗರೇಟಿನ ತುಂಡುಗಳನ್ನು ಗುಡಿಸಿ ಹಾಕಿದ್ದೆ. ಅತ್ತೆಯವರೂ ಮೈದುನನೂ ಎದುರಿಗೇ ಇದ್ದರು. ಅವರ ಮುಂದೆ ಗಂಡನನ್ನು ಸುಳ್ಳುಗಾರ ಅನ್ನುವುದು ಹೇಗೆ? ಬಾಯಿ ಮುಚ್ಚಿಕೊಂಡು ನಿಂತೆ. ಆದರೆ ಡಾಕ್ಟರು ಹೊರಟಾಗ ಮನಸ್ಸು ತಡೆಯಲಿಲ್ಲ. ಹಿಂದೆಯೇ ಓಡಿ ವರಾಂಡದಲ್ಲಿ ಎಲ್ಲ ಹೇಳಿಬಿಟ್ಟೆ.

ಆಕೆ ಬೈಯಲಿಲ್ಲ. ಬೆಂಚಿನ ಮೇಲೆ ಕೂರಿಸಿಕೊಂಡರು.

"ನಿದ್ದೆ ಬರಿಸೋದಷ್ಟೇ ನಮ್ಮ ಕೆಲಸ ಅಲ್ಲಮ್ಮ. ಗಂಟಲಿಂದ ಶ್ವಾಸನಾಳಕ್ಕೆ ನಳಿಗೆ ಹಾಕಿ ಯಂತ್ರದಿಂದ ಉಸಿರು ಕೊಡ್ತೀವಿ. ಮಣಿಕಟ್ಟಿನ ರಕ್ತನಾಳದಲ್ಲಿ ಸಣ್ಣ ನಳಿಗೆ ಇರತ್ತೆ, ಒಂದೊಂದು ಬಡಿತಕ್ಕೂ ಬಿ.ಪಿ. ಎಷ್ಟು ಅಂತ ಪರದೆ ಮೇಲೆ ಕಾಣತ್ತೆ. ಹೃದಯ ನಿಲ್ಲಿಸಿದಾಗ ಇ.ಸಿ.ಜಿ. ಗೆರೆ ನೆಟ್ಟಗಾಗತ್ತೆ, ಆಗ ರಕ್ತ ಓಡಿಸೋದು ಹಾರ್ಟ್-ಲಂಗ್ ಯಂತ್ರ. ಅದರೊಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಡ್ತೀವಿ. ಮೈಯ ಶಾಖ, ಮೂತ್ರ ಎಲ್ಲ ನೋಡ್ತಾ ಇರ್ತೀವಿ."

ಕೊರೊನಾ ಬಂದಾಗ, 2020-21ರಲ್ಲಿ, ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರೂ ಅಲ್ಲಿ ಇರುತ್ತದೆ. ಅದರ ಮೂಲತತ್ತ್ವವನ್ನು 1974ರಲ್ಲಿ ಲೋಕದ ಮುಂದಿಟ್ಟವರು ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ. ಆದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಸೇರಿದ್ದರೆ ಆ ಸಾಧನ ಅದನ್ನೂ ಆಮ್ಲಜನಕವೆಂದೇ ಎಣಿಸಿ ಹೆಚ್ಚು ತೋರಿಸಬಹುದಂತೆ.

"ನಿಜ ಗೊತ್ತಿದ್ರೆ ಯಂತ್ರ ಹೇಳಿದ್ದನ್ನ ಎಷ್ಟು ನಂಬಬೇಕು ಅಂತ ನಮಗೆ ತಿಳಿಯತ್ತೆ" ಅಂದರು.

ವಾಪಸು ಬಂದು ಇವರ ಎದೆಗೆ ಮತ್ತೆ ಸ್ಟೆತಾಸ್ಕೋಪ್ ಇಟ್ಟು ನೋಡಿದರು. ಕಫ ಕಟ್ಟಿತ್ತು. ಆಪರೇಷನ್ ಒಂದು ವಾರ ಮುಂದಕ್ಕೆ ಹೋಯಿತು. ರಜೆ ಹಾಕಿ ಬಂದಿದ್ದ ಮೈದುನ ಸಿಡಿಮಿಡಿಗೊಂಡ. ಇವರು ಏನೂ ಕೇಳಲಿಲ್ಲ, ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದರು. ಮೂರನೆಯ ದಿನ ತಾವಾಗಿಯೇ ಮೂರು ಚೆಂಡಿನ ಉಸಿರಾಟದ ಸಾಧನ ಕೈಗೆತ್ತಿಕೊಂಡರು. ಮೊದಲು ಒಂದೇ ಚೆಂಡು ಏಳುತ್ತಿತ್ತು. ವಾರದ ಕೊನೆಗೆ ಎರಡು ಎದ್ದವು.

ಆಪರೇಷನ್ ದಿನ ಹೊರಗೆ ಕುಳಿತ ಐದು ಗಂಟೆಯೂ ನನ್ನ ಕಣ್ಣಮುಂದೆ ಇದ್ದದ್ದು ಆ ಪರದೆ, ಅದನ್ನೇ ನೋಡುತ್ತ ನಿಂತ ಆ ಡಾಕ್ಟರಮ್ಮ. ನಳಿಗೆ ತೆಗೆದ ಮೇಲೆ ಇವರು ಒಡೆದ ದನಿಯಲ್ಲಿ ಕೇಳಿದ ಮೊದಲ ಮಾತು: "ಹಿತ್ತಲು ಗುಡಿಸಿದೆಯಾ?"

"ಈಗ ಗುಡಿಸೋಕೇನೂ ಇಲ್ಲ" ಅಂದೆ. ಇಬ್ಬರ ಕಣ್ಣಲ್ಲೂ ನೀರು.

ಸೋದರಿಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ ಒಂದು ಚೀಟಿ ಬರೆದಿಟ್ಟುಕೊಳ್ಳಿ: ನುಂಗುವ ಮಾತ್ರೆ, ನಾಟಿ ಔಷಧಿ, ಹೊಗೆಸೊಪ್ಪು, ಕುಡಿತ, ಅಲ್ಲಾಡುವ ಹಲ್ಲು, ಒಗ್ಗದ ಔಷಧಿ. ಉಪವಾಸ ಇರಿಸಿ ಅಂದಾಗ "ಪಾಪ, ಒಂದು ಲೋಟ ಕಾಫಿ" ಅಂತ ಕದ್ದು ಕೊಡಬೇಡಿ. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದೀತು. ಮಲಗಿದವರ ಪರವಾಗಿ ನಿಜ ಹೇಳಬೇಕಾದವರು ನಾವೇ.