ಮಾತು ಬಿಟ್ಟವರ ಹಾಡು

ಗಂಡ ಹೆಂಡತಿ ಮಾತು ಬಿಟ್ಟರೆ ಅಡುಗೆಮನೆಯ ಪಾತ್ರೆಗಳು ಮಾತಾಡತೊಡಗುತ್ತವೆ. ಫ್ಲೀಟ್‌ವುಡ್ ಮ್ಯಾಕ್ ತಂಡದಲ್ಲಿ ಹಾಗಾದಾಗ ವಾದ್ಯಗಳು ಮಾತಾಡಿದವು. 1977ರ ಫೆಬ್ರವರಿಯಲ್ಲಿ ಬಂದ ‘ರೂಮರ್ಸ್’ ಆಲ್ಬಮ್ ಅದರ ಫಲ. ಅಮೆರಿಕವೆಲ್ಲ ಡಿಸ್ಕೊಗೆ ಕುಣಿಯುತ್ತಿದ್ದ ಕಾಲದಲ್ಲಿ ಈ ಮೆದು ದನಿಯ ರಾಕ್ ಅಲ್ಲಿನ ಪಟ್ಟಿಯ ನೆತ್ತಿಯ ಮೇಲೆ 31 ವಾರ ಕೂತಿತು.

ಜಗಳದ ಕಥೆ ಬಹಳ ಜನಕ್ಕೆ ಗೊತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿ ಸ್ಟುಡಿಯೊ ಹೊಕ್ಕಾಗ ಬೇಸ್ ಗಿಟಾರಿನ ಜಾನ್ ಮೆಕ್‌ವೀ, ಕೀಬೋರ್ಡಿನ ಕ್ರಿಸ್ಟೀನ್ ಮೆಕ್‌ವೀ ದಂಪತಿ ಬೇರೆಯಾಗಿದ್ದರು. ಗಿಟಾರಿನ ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಗಾಯಕಿ ಸ್ಟೀವಿ ನಿಕ್ಸ್ ಪ್ರೇಮವೂ ಹಳಸಿತ್ತು. ಡ್ರಮ್ಸ್ ಬಾರಿಸುವ ಮಿಕ್ ಫ್ಲೀಟ್‌ವುಡ್ ಮನೆಯಲ್ಲೂ ನೆಮ್ಮದಿ ಇರಲಿಲ್ಲ.

ನನ್ನ ಚಪಲ ಬೇರೆ. ಹೆಡ್‌ಫೋನ್ ಹಾಕಿಕೊಂಡು, ಒಂದೇ ಹಾಡಿನಲ್ಲಿ ಒಂದು ವಾದ್ಯದ ಬೆನ್ನು ಹತ್ತಿ ಕೊನೆಯವರೆಗೂ ಹೋಗುವುದು. ಮತ್ತೆ ಮೊದಲಿನಿಂದ, ಇನ್ನೊಂದರ ಬೆನ್ನು. ಹೀಗೆ ಕೇಳುವವರಿಗೆ ‘ರೂಮರ್ಸ್’ ಕೊಟ್ಟಷ್ಟು ಸುಖ ಬೇರೆ ಆಲ್ಬಮ್ ಕೊಡುವುದು ಅಪರೂಪ.

‘ಡ್ರೀಮ್ಸ್’ ಹಾಡನ್ನೇ ನೋಡಿ. ಹೆಚ್ಚುಕಮ್ಮಿ ಎರಡೇ ಕಾರ್ಡ್‌ಗಳ ಮೇಲೆ ನಡೆಯುವ ಹಾಡು. ಬೇಸ್ ಆ ಎರಡು ಮನೆಗಳ ನಡುವೆ ಸದ್ದಿಲ್ಲದೆ ಓಡಾಡುತ್ತದೆ. ಡ್ರಮ್ಸ್ ಅವಸರಪಡುವುದೇ ಇಲ್ಲ. ನಿಕ್ಸ್ ಇದನ್ನು ಹತ್ತು ನಿಮಿಷದಲ್ಲಿ ಬರೆದೆ ಎಂದು ಹೇಳಿಕೊಂಡಿದ್ದಾಳೆ. ಆದರೆ ಅದರ ಚೆಲುವಿನಲ್ಲಿ ಬಕಿಂಗ್‌ಹ್ಯಾಮ್‌ನ ಪಾಲು ದೊಡ್ಡದು. ಅವನ ಗಿಟಾರ್ ಮೀಟಿದ ಸದ್ದು ಕೇಳಿಸದೆ, ನಾದ ಮಾತ್ರ ಉಬ್ಬಿ ಇಳಿಯುತ್ತದೆ. ತನ್ನನ್ನು ಬಿಟ್ಟು ಹೋಗುತ್ತಿರುವವಳು ತನ್ನನ್ನೇ ಕುರಿತು ಬರೆದ ಹಾಡಿಗೆ ಇಷ್ಟು ಮುತುವರ್ಜಿಯಿಂದ ಒಡವೆ ತೊಡಿಸಿದ್ದಾನೆ. ಈ ತಂಡಕ್ಕೆ ಅಮೆರಿಕದಲ್ಲಿ ಮೊದಲ ಸ್ಥಾನ ತಂದುಕೊಟ್ಟ ಏಕೈಕ ಸಿಂಗಲ್ ಅದೇ.

ಡಿಸ್ಕೊ ಕೂಡ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ. ಮೊದಲ ಹಾಡು ‘ಸೆಕೆಂಡ್ ಹ್ಯಾಂಡ್ ನ್ಯೂಸ್’ ಕಟ್ಟುವಾಗ ಬಕಿಂಗ್‌ಹ್ಯಾಮ್ ತಲೆಯಲ್ಲಿದ್ದದ್ದು ಬೀ ಗೀಸ್ ತಂಡದ ‘ಜೈವ್ ಟಾಕಿನ್’ನ ಲಯ. ಅದಕ್ಕೆ ತಕ್ಕ ಪೆಟ್ಟು ಸಿಗಲೆಂದು ಸ್ಟುಡಿಯೊದಲ್ಲಿದ್ದ ರೆಕ್ಸಿನ್ ಕುರ್ಚಿಯ ಸೀಟನ್ನೇ ಬಾರಿಸಿದ. ಆ ಪಟಪಟ ಒಮ್ಮೆ ಕಿವಿಗೆ ಬಿದ್ದರೆ ಮುಂದೆ ಹಾಡಿನುದ್ದಕ್ಕೂ ಕುರ್ಚಿಯೇ ಕೇಳಿಸುತ್ತದೆ!

ನಗು ಬರಿಸುವುದು ‘ಯೂ ಮೇಕ್ ಲವಿಂಗ್ ಫನ್’. ಕ್ರಿಸ್ಟೀನ್ ಹೊಸ ಗೆಳೆಯನ ಮೇಲೆ ಬರೆದದ್ದು. ಜಾನ್ ಕೇಳಿದಾಗ, ನಾಯಿಯ ಮೇಲೆ ಬರೆದದ್ದು ಎಂದು ಸಾಗಹಾಕಿದಳಂತೆ. ಜಾನ್ ನಂಬಿದನೋ ಬಿಟ್ಟನೋ, ಬೇಸ್ ಮಾತ್ರ ಒಂದಿಷ್ಟೂ ಮುನಿಸಿಲ್ಲದೆ ಕುಣಿಯುತ್ತದೆ.

ಕೈಕೆಲಸವೂ ಕಡಿಮೆಯಲ್ಲ. ಮತ್ತೆ ಮತ್ತೆ ಓಡಿಸಿ ಟೇಪಿನ ಮೇಲಿನ ಲೇಪ ಸವೆದು, ಸಿಂಬಲ್‌ಗಳ ಹೊಳಪು ಮಂಕಾಯಿತು. ಸದ್ಯ, ಮೊದಮೊದಲ ದಿನಗಳ ಇನ್ನೊಂದು ಪ್ರತಿ ಉಳಿದಿತ್ತು. ತಂತ್ರಜ್ಞರು ಎರಡೂ ಟೇಪುಗಳನ್ನು ಒಟ್ಟಿಗೆ ಓಡಿಸಿ, ಒಂದರ ವೇಗವನ್ನು ಕಿವಿಯ ಅಂದಾಜಿನಲ್ಲೇ ಏರಿಸಿ ಇಳಿಸಿ ತಾಳ ಕೂಡಿಸಿದರು. ‘ದ ಚೈನ್’ ಹಾಡನ್ನಂತೂ ಟೇಪು ಕತ್ತರಿಸಿ ಅಂಟಿಸಿಯೇ ಕಟ್ಟಿದ್ದು. ಬಿಡದ ಸರಪಳಿಯ ಹಾಡು ಹುಟ್ಟಿದ್ದು ತುಂಡುಗಳಿಂದ! ಐವರ ಹೆಸರೂ ಇರುವುದು ಇದೊಂದಕ್ಕೇ. ಕೊನೆಯ ಭಾಗದಲ್ಲಿ ಎಲ್ಲರೂ ಸುಮ್ಮನಾಗಿ ಜಾನ್‌ನ ಬೇಸ್ ಒಂದೇ ಎದ್ದು ನಿಲ್ಲುತ್ತದೆ. ಆ ಸ್ವರಗಳಿಗಾಗಿ ನಾನು ಇಡೀ ಹಾಡು ಕಾಯುತ್ತೇನೆ.

ಇವರು ಒಬ್ಬರಿಗೊಬ್ಬರು ಮಾತು ಬಿಟ್ಟಿರಬಹುದು, ಕಿವಿಗೊಡುವುದನ್ನು ಬಿಡಲಿಲ್ಲ. ‘ಗೋ ಯುವರ್ ಓನ್ ವೇ’ ನಿಕ್ಸ್ ಮೇಲೆ ಬಕಿಂಗ್‌ಹ್ಯಾಮ್ ಬರೆದ ದೂರು. ಅದರ ಒಂದು ಸಾಲು ಅವಳಿಗೆ ಎಳ್ಳಷ್ಟೂ ಹಿಡಿಸಿರಲಿಲ್ಲ. ಆದರೂ ಅವಳ ದನಿ ಅವನ ದನಿಗೆ ಹೆಗಲು ಕೊಟ್ಟೇ ನಿಂತಿದೆ.

ಅವಳ ಉತ್ತರ ‘ಸಿಲ್ವರ್ ಸ್ಪ್ರಿಂಗ್ಸ್’. ಉದ್ದವಾಯಿತೆಂದು ಅದನ್ನು ಆಲ್ಬಮ್‌ನಿಂದ ಕೈಬಿಟ್ಟರು, ಅವಳು ಕೆಂಡವಾದಳು. ಕೊನೆಗೆ ಆ ಹಾಡಿಗೆ ಜಾಗ ಸಿಕ್ಕಿದ್ದು ‘ಗೋ ಯುವರ್ ಓನ್ ವೇ’ ಸಿಂಗಲ್‌ನ ಹಿಂಬದಿಯಲ್ಲಿ. ಅವನ ದೂರಿನ ಬೆನ್ನಿಗೇ ಅವಳ ಜವಾಬು. ಯಾರದು ಸರಿ ಎಂದು ತೀರ್ಮಾನಿಸುವ ಉಮೇದಿದ್ದವರು ತಟ್ಟೆ ಮಗುಚಿ ಹಾಕಲಿ.